ಕುಡಿತ ಬಿಟ್ಟರೆ ಕಥೆಯೂ ಬಿಟ್ಟುಹೋಗುತ್ತಾ?

ಪ್ರಶ್ನೆ: ಸರ್, ನನಗೆ 38 ವರ್ಷ. ಕಥೆ ಬರೆಯುತ್ತೇನೆ. ಏಳು ವರ್ಷದಿಂದ ದಿನಾ ಕುಡಿತ. ರಾತ್ರಿ ಎರಡು ನೈಂಟಿ ಹೋಗದೆ ಪೆನ್ನು ಓಡುವುದಿಲ್ಲ. ಬಿಟ್ಟರೆ ಬರವಣಿಗೆಯೇ ನಿಂತುಹೋಗುತ್ತೆ ಅನ್ನುವ ಹೆದರಿಕೆ. ‘ಅಮೆರಿಕದ ಫಾಕ್ನರ್ ಕುಡಿದುಕೊಂಡೇ ನೊಬೆಲ್ ತಗೊಂಡರಲ್ವಾ’ ಅಂತ ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಸಕಲೇಶಪುರ

ಉತ್ತರ: ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಇದೇ ಹೆದರಿಕೆ ನನಗೂ ಇತ್ತು. ಆಲ್ದೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದೆ. ಹಗಲು ಆಳುಗಳ ಹಾಜರಿ, ರಾತ್ರಿ ಬಾಟಲಿ ಇಟ್ಟುಕೊಂಡು ಕಥೆ. 2011ರಲ್ಲಿ ಕುಡಿತ ಬಿಟ್ಟೆ.

ಫಾಕ್ನರ್ ವಿಷಯ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ದಕ್ಷಿಣದ ಮಿಸಿಸಿಪ್ಪಿಯವರು, 1949ರ ನೊಬೆಲ್ ಅವರದು, ಎಲ್ಲ ನಿಜ. ಆದರೆ 1937ರಲ್ಲಿ ನ್ಯೂಯಾರ್ಕಿನ ಹೋಟೆಲ್ ರೂಮಿನಲ್ಲಿ ಅವರು ಕುಡಿದು ಎಚ್ಚರ ತಪ್ಪಿ ಬಿದ್ದಿದ್ದರು, ಬೆನ್ನು ಬಿಸಿ ಹಬೆಯ ಪೈಪಿಗೆ ತಾಗಿತ್ತು. ಚರ್ಮ ಬೆಂದುಹೋದರೂ ಗೊತ್ತಾಗಲಿಲ್ಲ. ಕುಡಿತ ಇಳಿಸಿಕೊಳ್ಳಲು ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. 1962ರ ಜುಲೈ 6ರಂದು ಅಂಥದ್ದೇ ಆಸ್ಪತ್ರೆಯಲ್ಲಿ, ಸೇರಿದ ಮಾರನೇ ದಿನವೇ, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 64 ವರ್ಷ. ಅವರು ಬರೆದದ್ದರ ಪುಣ್ಯವನ್ನು ದಯವಿಟ್ಟು ಬಾಟಲಿಗೆ ಕಟ್ಟಬೇಡಿ. ಅದೇ ದೇಶದ ಕಥೆಗಾರ ರೇಮಂಡ್ ಕಾರ್ವರ್ 1977ರ ಜೂನ್ 2ರಂದು ಕುಡಿತ ಬಿಟ್ಟರು. ಮೊದಲು ಸ್ವಲ್ಪ ಕಾಲ ಬರೆಯಲಿಲ್ಲ. ಆಮೇಲೆ 1988ರಲ್ಲಿ ತೀರಿಕೊಳ್ಳುವವರೆಗೂ ಬರೆದರು.

ನನಗೂ ಮೊದಮೊದಲು ಬರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗಲೂ ಕೈ ನಡುಗುತ್ತಿತ್ತು. ನನ್ನ ಹೆಂಡತಿ ಸ್ಟೀಲ್ ಲೋಟಕ್ಕೆ ಅರ್ಧ ಮಾತ್ರ ಕಾಫಿ ಹಾಕಿ ಕೊಡುತ್ತಿದ್ದಳು, ಚೆಲ್ಲದ ಹಾಗೆ. ಅದು ಮುಗಿದ ಮೇಲೆ ಇನ್ನರ್ಧ ಹಾಕುತ್ತಿದ್ದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಎಂಟು ತಿಂಗಳು ಒಂದು ಪುಟವೂ ಆಗಲಿಲ್ಲ.

ಆಗ ಸುಮ್ನೆ ಹಳೇ ನೋಟ್‌ಬುಕ್ ತೆಗೆದು ನೋಡಿದೆ. ರಾತ್ರಿ ಕುಡಿದು ಬರೆದ ಪುಟಗಳಲ್ಲಿ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು. ಒಂದೇ ಮಾತು ಮೂರು ಸಲ. ಜನ ಮೆಚ್ಚಿದ ಕಥೆ ಎಲ್ಲಿತ್ತು ಗೊತ್ತಾ? ಹಾಜರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ. ಕೊಯ್ಲಿನ ಸೀಸನ್ನಿನಲ್ಲಿ ಬರೆದದ್ದು. ಸಂಜೆ ಹಣ್ಣು ಅಳೆದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಿಲ್ಲುವ ಹೊತ್ತಿಗೆ ಮೈಯಲ್ಲಿ ತ್ರಾಣ ಇರುತ್ತಿರಲಿಲ್ಲ, ಕುಡಿತವೂ ಕಡಿಮೆಯಾಗುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಬರೆಯುತ್ತಿದ್ದೆ. ನೀವೂ ನಿಮ್ಮ ಹಳೇ ಪುಟಗಳನ್ನು ಒಂದು ಬೆಳಿಗ್ಗೆ ಕೂತು ಓದಿ ನೋಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾಳೆಯೇ ಒಮ್ಮೆಲೇ ನಿಲ್ಲಿಸಬೇಡಿ. ದಿನಾ ಕುಡಿಯುವವರು ಹಾಗೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ಜೀವಕ್ಕೇ ಅಪಾಯ. ಹಾಸನದ ಸರ್ಕಾರಿ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಹೋಗಿ, ದಿನಾ ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ. ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟು ಆ ದಿನಗಳನ್ನು ದಾಟಿಸುತ್ತಾರೆ. ಹೋಗಲು ಸಂಕೋಚ ಆದರೆ ಮೊದಲು 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹೋಗಿ ಬಂದ ಮೇಲೆ ನನಗೆ ಇನ್ನೊಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಟ್ಟು ಎರಡು ತಿಂಗಳಾಯಿತು. ಅಣ್ಣನ ಮಗಳ ಮದುವೆಗೆ ಕರೆದುಕೊಂಡು ಹೋಗಬಹುದಾ?
– ಒಬ್ಬ ಗೃಹಿಣಿ, ಬೇಲೂರು

ಉತ್ತರ: ಖಂಡಿತ ಹೋಗಿ ತಾಯಿ. ಧಾರೆ ಮುಗಿಸಿ, ಊಟ ಮಾಡಿ ಒಟ್ಟಿಗೆ ಬಂದುಬಿಡಿ. ಬೀಗರ ಊಟ ಮಾತ್ರ ಈ ಸಲ ಬೇಡ.