ಟೊಮೆಟೊದಲ್ಲಿ ಲಾಸ್ ಆದರೆ ‘ದಿವಾಳಿ’ ಅನ್ನಬಹುದಾ?

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನವಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ದುಡ್ಡು ಗಳಿಸಿ ಮೇಲೆ ಬರುವುದಕ್ಕೆ ವಿರುದ್ಧ ಪದಗಳು ಯಾವುವು ಸರ್? ಈ ಸಲ ಅಪ್ಪನಿಗೆ ಟೊಮೆಟೊದಲ್ಲಿ ಲಾಸ್ ಆಯಿತು. ನೆಂಟರೆಲ್ಲ ‘ದಿವಾಳಿ ಎದ್ದ’ ಅನ್ನುತ್ತಿದ್ದಾರೆ. ಈ ಮಾತು ಸರಿನಾ?

ಉತ್ತರ: ಪರೀಕ್ಷೆಯದು ಸುಲಭ. ಲಾಭಕ್ಕೆ ನಷ್ಟ, ಸಿರಿತನಕ್ಕೆ ಬಡತನ, ಗೆಲುವಿಗೆ ಸೋಲು, ಉನ್ನತಿಗೆ ಅವನತಿ. ‘ಗಳಿಸು’ ಅಂತ ಕೇಳಿದರೆ ‘ಕಳೆದುಕೊಳ್ಳು’ ಅಂತ ಬರೆಯಿರಿ.

ನೆಂಟರ ಮಾತು ಮಾತ್ರ ಸರಿಯಿಲ್ಲ. ಇರುವುದನ್ನೆಲ್ಲ ಮಾರಿದರೂ ಸಾಲ ತೀರದ ಸ್ಥಿತಿಗೆ ದಿವಾಳಿ ಅನ್ನುವುದು. ಅದಕ್ಕೆ ಕಾನೂನೇ ಇದೆ, ಕಂಪನಿಗಳಿಗೆ 2016ರದ್ದು, ವ್ಯಕ್ತಿಗಳಿಗೆ 1920ರಷ್ಟು ಹಳೆಯದು. ನಿಮ್ಮ ಕಡೆ ತೆಲುಗು ಮಾತಾಡುವವರು ‘ಐಪಿ ಪೆಟ್ಟಾಡು’ ಅನ್ನುತ್ತಾರಲ್ವಾ? ಆ ಐಪಿ ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ಸಾಲ ತೀರಿಸಲು ಆಗಲ್ಲ ಅಂತ ಕೋರ್ಟಿಗೆ ಹಾಕುವ ಅರ್ಜಿ. ನಿಮ್ಮ ತಂದೆ ಕೋರ್ಟಿಗೇನೂ ಹೋಗಿಲ್ಲವಲ್ಲ!

ನಷ್ಟದಲ್ಲೂ ಹೆಚ್ಚು ಕಡಿಮೆ ಇದೆ. ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿನ ಹರಾಜು ಕಡಿಮೆಗೆ ನಿಂತು, ಸಸಿ, ಗೊಬ್ಬರ, ಔಷಧಿ, ಕೋಲು, ದಾರಕ್ಕೆ ಹಾಕಿದ ದುಡ್ಡು ವಾಪಸ್ ಬರದಿದ್ದರೆ ‘ಅಸಲೂ ಗಿಟ್ಟಲಿಲ್ಲ’. ರೇಟು ಇನ್ನೂ ಬಿದ್ದು, ಹಣ್ಣು ಬಿಡಿಸಿದವರಿಗೆ ಕೊಡಲೂ ಸಾಲದಿದ್ದರೆ ‘ಕೂಲಿನೂ ಹುಟ್ಟಲಿಲ್ಲ’. ಹಣ್ಣನ್ನು ಗಿಡದಲ್ಲೇ ಬಿಡುವುದು, ರಸ್ತೆ ಪಕ್ಕ ಸುರಿಯುವುದು ಆಗಲೇ. ಸಾಲ ಮಾಡಿ ಬೆಳೆ ಇಟ್ಟಿದ್ದರೆ ‘ಕೈ ಸುಟ್ಟುಕೊಂಡ’ ಅನ್ನಬಹುದು. ಇದ್ಯಾವುದೂ ದಿವಾಳಿ ಅಲ್ಲ. ಇದೇ ಕೋಲಾರದಲ್ಲಿ 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಇಷ್ಟು ಏರಿಳಿತ ಇರುವ ಬೆಳೆಯಲ್ಲಿ ಒಂದು ಸೀಸನ್ ನೋಡಿ ಮನುಷ್ಯನಿಗೆ ಹೆಸರಿಡುವುದು ಆತುರ.

ಇನ್ನೊಂದು ಬಗೆಯ ಮಾತುಗಳಿವೆ. ‘ಆಸ್ತಿ ಕರಗಿಸಿದ’, ‘ಉಡಾಯಿಸಿದ’, ‘ಮನೆ ಹಾಳು ಮಾಡಿದ’. ಇವು ಲೆಕ್ಕ ಹೇಳುವುದಿಲ್ಲ, ತಪ್ಪು ಹೊರಿಸುತ್ತವೆ. ‘ಆಸ್ತಿ ಕರಗಿತು’ ಅಂದರೆ ಯಾರ ಮೇಲೂ ದೂರಿಲ್ಲ, ‘ಕರಗಿಸಿದ’ ಅಂದ ಕೂಡಲೇ ಬೆರಳು ಒಬ್ಬರ ಕಡೆ ತಿರುಗುತ್ತದೆ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿ ಕೆಲಸ ಹೋದವರನ್ನು ‘ಬದುಕು ಹಾಳು ಮಾಡಿಕೊಂಡರು’ ಅಂದರೆ ಹೇಗಿರುತ್ತೆ, ಯೋಚಿಸಿ.

ಅಂದ ಹಾಗೆ, ಬ್ಯಾಂಕಿಗೆ ಏನಾದರೂ ಅರ್ಜಿ ಬರೆಯುವುದಿದ್ದರೆ ಸುಮ್ನೆ ‘ಬೆಳೆ ನಷ್ಟ’ ಅಂತ ಬರೆಯಬೇಡಿ. ಮಳೆಗೋ ರೋಗಕ್ಕೋ ಬೆಳೆಯೇ ಹೋದರೆ ಅದು ಬೆಳೆ ನಷ್ಟ. ಹಣ್ಣು ಚೆನ್ನಾಗಿ ಬಂದು ರೇಟು ಬಿದ್ದಿದ್ದರೆ ‘ಬೆಲೆ ಕುಸಿತದಿಂದ ನಷ್ಟ’ ಅಂತಲೇ ಬರೆಯಿರಿ.