ಖಾಸಗಿ ವಿವಿ ಹೆಚ್ಚುವರಿ ಸಮಯ ಕೊಡಲೇಬೇಕೇ?

ಜಪಾನಿನ ಖಾಸಗಿ ವಿವಿಯಲ್ಲಿ ಓದುತ್ತಿರುವ, ದೃಷ್ಟಿ ಮಂದವಿರುವ ನಿಮ್ಮ ತಂಗಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು ಕಡ್ಡಾಯವೇ ಎಂದು ಕೇಳಿದ್ದೀರಿ. ಹೌದು, ಆದರೆ ಕಣ್ಣುಮುಚ್ಚಿ ಅಲ್ಲ. ಸರ್ಕಾರಿ ವಿವಿಗಳಿಗೆ 2016ರಿಂದಲೇ ಇದ್ದ ಈ ಹೊಣೆ ಖಾಸಗಿಯವರಿಗೂ 2024ರ ಏಪ್ರಿಲ್ 1ರಿಂದ ಬಂದಿದೆ. ವಿವಿಗೆ ಅತಿಯಾದ ಹೊರೆಯಾಗಬಾರದು ಅಷ್ಟೆ.

ಬಾಯಿಬಿಟ್ಟು ಕೇಳಬೇಕಾದವರು ವಿದ್ಯಾರ್ಥಿಯೇ. ಅರ್ಜಿಯಲ್ಲಿ 'ಗೋರಿತೆಕಿ ಹೈರ್ಯೊ' (ಅಂಗವಿಕಲರಿಗೆ ಮಾಡಿಕೊಡುವ ಸಮಂಜಸ ಅನುಕೂಲ) ಎಂಬ ಜಪಾನಿ ಪದವನ್ನೇ ಬಳಸಲಿ. ಕಚೇರಿಗಳಿಗೆ ಥಟ್ಟನೆ ಅರ್ಥವಾಗುತ್ತದೆ. ಎಡವಟ್ಟಾಗುವುದು ಹೆಚ್ಚಾಗಿ ವೈದ್ಯರ ಪತ್ರದಲ್ಲಿ: ಬರೀ ಕಾಯಿಲೆಯ ಹೆಸರಿದ್ದರೆ ಸಾಲದು, ಎಷ್ಟು ದೊಡ್ಡ ಅಕ್ಷರ ಬೇಕು, ಓದಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದಿರಬೇಕು. ಹಿಂದಿನ ಕಾಲೇಜು ಕೊಟ್ಟ ಸೌಲಭ್ಯದ ದಾಖಲೆಯನ್ನೂ ಲಗತ್ತಿಸಿ. ಜಪಾನಿನ ರಾಷ್ಟ್ರೀಯ ವಿವಿ ಪ್ರವೇಶ ಪರೀಕ್ಷೆಯಲ್ಲಿ 1.3 ಪಟ್ಟು, ಬ್ರೈಲ್‌ಗೆ 1.5 ಪಟ್ಟು ಸಮಯ ಕೊಡುವ ರೂಢಿಯಿದೆ. ಅದನ್ನೇ ಅಳತೆಯಾಗಿ ಮುಂದಿಡಿ. ಒಪ್ಪದಿದ್ದರೆ ಕಾರಣವನ್ನೂ ಪರ್ಯಾಯವನ್ನೂ ಬರಹದಲ್ಲಿ ಕೇಳಿ.