ಸಂಪಾದಕರ ಉತ್ತರ: ಸ್ಟವ್ ಪಿನ್ನು ಹಿಡಿದ ಕೈ

ಡೊಂಬಿವಲಿಯ ಸೋದರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಮನೆಯಲ್ಲಿ ವೈಫೈ ನಿಂತರೂ, ಊರಲ್ಲಿರುವ ದೊಡ್ಡಮ್ಮನಿಗೆ ರೀಚಾರ್ಜ್ ಆಗದಿದ್ದರೂ ಎಲ್ಲರೂ ಕರೆಯುವುದು ನಿಮ್ಮನ್ನೇ. ಎಂಜಿನಿಯರ್ ಆಗಿರುವ ಅಣ್ಣನನ್ನು ಯಾರೂ ಕೇಳುವುದಿಲ್ಲ. ನೀವು ಓದಿದ್ದು ಬಿ.ಕಾಂ. "ಇದು ನನಗೆ ಅಪ್ಪನ ರೇಡಿಯೋ ಹುಚ್ಚಿನಿಂದ ಬಂದಿರಬೇಕು, ಅಲ್ವಾ? ಈಗೀಗ ಸುಸ್ತಾಗುತ್ತಿದೆ, ಏನು ಮಾಡಲಿ?" ಎಂದು ಕೇಳಿದ್ದೀರಿ.

ಅಪ್ಪನ ಬಗ್ಗೆ ಇಡೀ ಪುಟ ಬರೆದಿದ್ದೀರಿ. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಂದ ಬಿಡಿಭಾಗ ತಂದು ಭಾನುವಾರವಿಡೀ ರೇಡಿಯೋ ಬಿಚ್ಚಿ ಕೂರುತ್ತಿದ್ದರು. ಚಾಳಿನ ಮಾಡು ಹತ್ತಿ, ಆಂಟೆನಾವನ್ನು ವರ್ಲಿಯ ಟಿವಿ ಗೋಪುರದ ಕಡೆ ತಿರುಗಿಸಿ, "ಬಂತಾ?" ಎಂದು ಕೂಗುತ್ತಿದ್ದರು. ನೀವು ಕೆಳಗಿನಿಂದ "ಇನ್ನೂ ಸ್ವಲ್ಪ" ಎನ್ನುತ್ತಿದ್ದಿರಿ. ಮುಂಬೈಯಲ್ಲಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಆಮೇಲೆ ಎಷ್ಟು ಮಕ್ಕಳು ಹೀಗೆ ಕಿಟಕಿಯಲ್ಲಿ ನಿಂತು ಅಪ್ಪನಿಗೆ ಕೂಗಿ ಹೇಳಿದ್ದಾರೋ!

ಆದರೆ ಅದೇ ಪುಟದಲ್ಲಿ, ರೇಡಿಯೋವನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ ಎಂದೂ ಬರೆದಿದ್ದೀರಿ. ಅಮ್ಮನ ಬಗ್ಗೆ ಇರುವುದು ಒಂದೇ ಸಾಲು: "ಅಮ್ಮನಿಗೆ ಇದೆಲ್ಲ ಗೊತ್ತಾಗುತ್ತಿರಲಿಲ್ಲ, ಸ್ಟವ್ ರಿಪೇರಿ ಮಾಡುವಾಗ ಪಿನ್ನು ನನ್ನ ಕೈಗೆ ಕೊಡುತ್ತಿದ್ದರು." ಆ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ.

ಸೀಮೆಎಣ್ಣೆಯ ಪಂಪ್ ಸ್ಟವ್ ಇಟ್ಟುಕೊಂಡು ಸಂಸಾರ ಮಾಡಿದವರಿಗೆ ಅದರ ಕಾಟ ಗೊತ್ತು. ಉರಿ ಹಳದಿಯಾಗಿ ಮಸಿ ಬಂದರೆ ಬರ್ನರ್ ಸರಿಯಾಗಿ ಕಾದಿಲ್ಲ, ಇಲ್ಲವೇ ನಿಪ್ಪಲಿನ ತೂತು ಕಟ್ಟಿದೆ. ಪಿನ್ನು ಚುಚ್ಚಬೇಕು. ಎಷ್ಟು ಪಂಪ್ ಹೊಡೆದರೂ ಗಾಳಿ ಹಿಡಿಯದಿದ್ದರೆ ಒಳಗಿನ ಚರ್ಮದ ವಾಷರ್ ಒಣಗಿರುತ್ತದೆ. ಎರಡು ಹನಿ ಎಣ್ಣೆ ಹಚ್ಚಿ ಮೆತ್ತಗೆ ಮಾಡಬೇಕು. ಅದೂ ಸರಿಯಿದ್ದರೆ ಗಾಳಿ ಬಿಡುವ ಸ್ಕ್ರೂ ಸಡಿಲವಾಗಿದೆಯಾ ನೋಡಬೇಕು. ಇದಲ್ಲ, ಹಾಗಾದರೆ ಅದು. ವೈಫೈ ನಿಂತಾಗ ನೀವು ಮಾಡುವುದೂ ಇದನ್ನೇ ತಾನೆ? ತೊಂದರೆ ಫೋನಿನದ್ದೋ, ರೂಟರಿನದ್ದೋ, ಹೊರಗಿನ ಲೈನಿನದ್ದೋ ಎಂದು ಒಂದೊಂದಾಗಿ ನೋಡುತ್ತಾ ಹೋಗುತ್ತೀರಿ. ಅಪ್ಪನಿಂದ ಆಸೆ ಬಂದಿರಬಹುದು. ಕೈ ಪಳಗಿದ್ದು ಅಮ್ಮನ ಪಕ್ಕದಲ್ಲಿ. ಅವರಿಗೆ "ಗೊತ್ತಾಗುತ್ತಿರಲಿಲ್ಲ" ಎಂದು ಓದಿ ನನಗೆ ನಿಜಕ್ಕೂ ಬೇಸರವಾಯಿತು.

ಅಣ್ಣನ ಮೇಲೆ ಕೋಪ ಬೇಡ. ಅವರ ಕೈಗೆ ಯಾರೂ ಪಿನ್ನು ಕೊಡಲಿಲ್ಲ, ಅಷ್ಟೇ.

ಇನ್ನು ಸುಸ್ತಿನ ಮಾತು. ನಮ್ಮ ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸಿದಾಗ ನಾನೊಂದು ತಪ್ಪು ಮಾಡಿದೆ. ಏನು ಕೇಳಿದರೂ ಫೋನು ಕಿತ್ತುಕೊಂಡು ನಾನೇ ಒತ್ತಿ ಕೊಡುತ್ತಿದ್ದೆ. ಅರ್ಧ ನಿಮಿಷದ ಕೆಲಸ. ಕ್ರಮೇಣ ಅಮ್ಮ ಕೇಳುವುದನ್ನೇ ಬಿಟ್ಟರು. ಒಂದು ದಿನ ಯಾರೋ ಕರೆ ಮಾಡಿ "ನಿಮಗೆ ಹಣ ಬರಬೇಕಿದೆ, ಪಿನ್ ಒತ್ತಿ" ಅಂದರು. ಒತ್ತಿದರು. ನಾಲ್ಕು ಸಾವಿರ ಹೋಯಿತು. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಇಂಥ ಮೋಸವಾದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂದೂ ಹೇಳಿರಲಿಲ್ಲ. ನಾನು ರೇಗುತ್ತೇನೆ ಎಂದು ಹೆದರಿ ಎರಡು ದಿನ ಸುಮ್ಮನಿದ್ದರು. ಹಣಕ್ಕಿಂತ ಆ ಎರಡು ದಿನ ನನಗೆ ಇವತ್ತಿಗೂ ನೋಯುತ್ತದೆ.

ಆದ್ದರಿಂದ ಫೋನು ಸಹಾಯ ಕೇಳಿದವರ ಕೈಯಲ್ಲೇ ಇರಲಿ. ನೀವು ಬಾಯಲ್ಲಿ ಹೇಳಿ, ಅವರು ಒತ್ತಲಿ. ಮೊದಲ ತಿಂಗಳು ಜಾಸ್ತಿ ಹೊತ್ತು ಹಿಡಿಯುತ್ತದೆ, ಆಮೇಲೆ ಕರೆಗಳು ಕಡಿಮೆಯಾಗುತ್ತವೆ. ಹತ್ತು ವರ್ಷದ ಮಗಳು ಹಳೆಯ ಮಿಕ್ಸಿ ಬಿಚ್ಚಬೇಕು ಅನ್ನುತ್ತಾಳೆ ಎಂದಿದ್ದೀರಿ. ಪ್ಲಗ್ ತೆಗೆದು, ಪಕ್ಕದಲ್ಲಿ ಕೂತು, ಬಿಚ್ಚಲು ಬಿಡಿ. ಹಳೆಯ ಡಬ್ಬ ಟಿವಿ, ಮೈಕ್ರೋವೇವ್ ಮಾತ್ರ ಬೇಡ. ಪ್ಲಗ್ ತೆಗೆದ ಮೇಲೂ ಅವುಗಳ ಒಳಗೆ ಕರೆಂಟು ಉಳಿದಿರುತ್ತದೆ.

ನನ್ನದೊಂದು ಕೇಳಿಕೆ ಇದೆ. ಸ್ಟವ್ ರಿಪೇರಿ ಯಾರಿಂದ ಕಲಿತಿರಿ ಎಂದು ಅಮ್ಮನನ್ನು ಕೇಳಿ. ಹೇಳಿದ್ದನ್ನು ಹಾಗೇ ಬರೆದು ನಮಗೆ ಕಳಿಸಿ. ಅದನ್ನು ಮಾತ್ರ ಅವರ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ.

– ಸಂಪಾದಕ